ಲೆಕ್ಕದ ಮೇಲಿನ ದೃಷ್ಟಿಬೊಟ್ಟು

ಮಕ್ಕಳ ಲೆಕ್ಕದ ನೋಟ್‌ಬುಕ್ ತಿದ್ದಲು ಕೂತಾಗಲೆಲ್ಲ ನನ್ನ ಕೆಂಪು ಪೆನ್ನು ಒಂದು ಕಳ್ಳ ಹುಡುಕಾಟ ನಡೆಸುತ್ತದೆ. ಹತ್ತು ಲೆಕ್ಕದಲ್ಲಿ ಒಂಬತ್ತು ಸರಿ, ಒಂದು ಮಾತ್ರ ಹಸುಗೂಸೂ ಮಾಡದಂಥ ತಪ್ಪು. ಅಂಥ ಪುಟ ಎಲ್ಲಾದರೂ ಸಿಕ್ಕೀತೇ ಎಂದು ನೋಡುತ್ತೇನೆ. ಚನ್ನರಾಯಪಟ್ಟಣದ ಈ ಶಾಲೆಗೆ ಬಂದು ಒಂಬತ್ತು ವರ್ಷವಾಯಿತು, ಇನ್ನೂ ಸಿಕ್ಕಿಲ್ಲ. ಇಲ್ಲಿನ ಮಕ್ಕಳು ಪ್ರಾಮಾಣಿಕರು. ನಾಲ್ಕು ತಪ್ಪು ಮಾಡಿದರೆ ನಾಲ್ಕೂ ಗೊತ್ತಿಲ್ಲದೆಯೇ ಮಾಡಿರುತ್ತಾರೆ. ಬರುವ ವರ್ಷ ನನಗೆ ನಿವೃತ್ತಿ. ಆಮೇಲೆ ತಿದ್ದಲು ನೋಟ್‌ಬುಕ್ಕೂ ಇರುವುದಿಲ್ಲ, ಹುಡುಕಲು ನೆಪವೂ ಇರುವುದಿಲ್ಲ.

ಅಂಥ ತಪ್ಪು ಮಾಡುತ್ತಿದ್ದವಳು ಒಬ್ಬಳೇ. ಆ ತಪ್ಪಿಗಾಗಿ ಅವಳ ಮೇಲೆ ಕೂಗಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ನಾನು ಶಾಂತಿಗ್ರಾಮದಾಚೆಯ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ಹಾಸನದ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು, ಹೈವೇಯಲ್ಲಿ ಇಳಿದು, ಅಲ್ಲಿಂದ ಎರಡು ಕಿಲೋಮೀಟರ್ ನಡಿಗೆ. ಎರಡು ಕೋಣೆ, ಇಬ್ಬರು ಶಿಕ್ಷಕರು, ಮೂವತ್ತು ಚಿಲ್ಲರೆ ಮಕ್ಕಳು. ಒಂದರಿಂದ ಮೂರನೆಯ ತರಗತಿಯವರೆಲ್ಲ ನನ್ನ ನಲಿ-ಕಲಿ ಕೋಣೆಯಲ್ಲಿ ಚಾಪೆಯ ಮೇಲೆ ಒಟ್ಟಿಗೆ ಕೂರುತ್ತಿದ್ದರು. ನಾಲ್ಕು, ಐದನೆಯವರಿಗೂ ಲೆಕ್ಕ ಹೇಳಿಕೊಡುವವಳು ನಾನೇ. ಗೋಡೆಯ ಮೇಲೆ ಕಲಿಕೆಯ ಏಣಿಯ ದೊಡ್ಡ ಚಿತ್ರ. ಪ್ರತಿ ಮಗುವೂ ತಾನಿರುವ ಮೆಟ್ಟಿಲಿನ ಕಾರ್ಡು ತೆಗೆದುಕೊಂಡು ಕಲಿಯಬೇಕು, ಮುಗಿದರೆ ಮುಂದಿನ ಮೆಟ್ಟಿಲು.

ಒಂದನೆಯ ತರಗತಿಗೆ ಸೇರಿದ ದಿನ ಆ ಹುಡುಗಿ ಅಳಲಿಲ್ಲ, ಆಡಲಿಲ್ಲ. ಏಣಿಯ ಮುಂದೆ ನಿಂತು ಕೆಳಗಿನಿಂದ ಮೇಲಿನವರೆಗೆ ಕತ್ತೆತ್ತಿ ನೋಡಿ ಕೇಳಿದಳು:

"ಮಿಸ್, ಈ ಏಣಿ ಮುಗುದ್ಮೇಲೆ ಎಲ್ಲಿಗೆ ಓಗೋದು?"

"ಮೊದ್ಲು ಹತ್ತು, ಆಮೇಲೆ ಹೇಳ್ತೀನಿ," ಎಂದು ಗದರಿದೆ. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡೇ ಹುಟ್ಟಿದವಳು ನಾನು. ಅದಕ್ಕಿಂತ ಹೆಚ್ಚಾಗಿ, ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷದ ಆ ಏಣಿಯನ್ನು ಅವಳು ಎರಡನೆಯ ವರ್ಷದ ದಸರಾ ರಜೆಯೊಳಗೆ ಹತ್ತಿ ಮುಗಿಸಿ, ಮತ್ತೆ ನನ್ನ ಮುಂದೆ ಬಂದು ನಿಂತಳು.

ಆಗ ನಾನು ಮಾಡಿದ್ದು, ಯಾವ ಮೇಷ್ಟರಾದರೂ ಮಾಡುವ ಸೋಮಾರಿ ಕೆಲಸ. "ನಿಂಗೆ ಬರುತ್ತಲ್ಲ, ಉಳಿದೋರಿಗೆ ಹೇಳ್ಕೊಡು," ಎಂದೆ. ಅವಳನ್ನು ಪುಟಾಣಿ ಮೇಡಂ ಮಾಡಿ ಕೂರಿಸಿ, ನಾನು ಬಿಸಿಯೂಟದ ರಿಜಿಸ್ಟರ್ ತುಂಬಿಸುತ್ತಿದ್ದೆ. ನೋಡಿದವರು ಶಹಭಾಸ್ ಎಂದರು. ಒಂದು ತಿಂಗಳಲ್ಲಿ ಅವಳು, ಕಳೆಯುವಾಗ ದಶಕ ತೆಗೆದುಕೊಳ್ಳುವುದು ಗೊತ್ತಾಗದ ದೊಡ್ಡ ಹುಡುಗನೊಬ್ಬನ ತಲೆಗೆ ಸ್ಲೇಟಿನಲ್ಲಿ ಕುಟ್ಟಿದಳು. "ಇಷ್ಟೂ ಗೊತ್ತಾಗಲ್ವಾ ನಿಂಗೆ, ತಲೇಲೇನ್ ತುಂಬ್ಕಂಡಿದೀಯಾ?" ಎಂದು ಬೈದ ಧಾಟಿ ಥೇಟ್ ನನ್ನದೇ. ಮಕ್ಕಳು ಅವಳನ್ನು 'ಮಿಸ್ಸಿನ ಬಾಲ' ಎಂದು ಕರೆದು ಆಟಕ್ಕೆ ಸೇರಿಸುವುದನ್ನೇ ಬಿಟ್ಟರು. ನಾನು ತಪ್ಪು ನನ್ನದೆಂದು ತಿಳಿಯದೆ, ಮನೆಯವರನ್ನು ಕರೆಸಿದೆ.

ಬಂದದ್ದು ಅಜ್ಜಿ. ಅಪ್ಪ ಗೂಡ್ಸ್ ಆಟೋ ಓಡಿಸುತ್ತಿದ್ದ. ಅಮ್ಮ ಬೆಳಿಗ್ಗೆ ಏಳಕ್ಕೆ ಹಾಸನದ ಗಾರ್ಮೆಂಟ್ಸಿಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಮಗುವನ್ನು ಸಾಕಿದ್ದೆಲ್ಲ ಈ ಅಜ್ಜಿ ಮತ್ತು ಅವರ ಎರಡು ಹಸು.

"ಮನೇಲೂ ಅಂಗೇಯ ಟೀಚರಮ್ಮ. ಅದ್ಯಾಕೆ, ಇದ್ಯಾಕೆ ಅಂತ ಕೇಳಿ ಕೇಳಿ ತಲೆ ತಿಂದಾಕ್ತಾಳೆ. ಅದ್ಕೇ ನಾನು ಆಲು ಕರೆಯೋವಾಗ ಒಗಟು ಆಕ್ತೀನಿ. ಚೊಂಬು ತುಂಬೋದ್ರೊಳ್ಗೆ ಬುಡುಸ್ಬೇಕು. ಬುಡುಸ್ನಿಲ್ಲ ಅಂದ್ರೆ ನಾಳೇಗಂಟ ಬಾಯ್ಮುಚ್ಕಂಡು ಯೋಚ್ನೆ ಮಾಡ್ಬೇಕು, ಅಷ್ಟೇಯ."

"ಬಾಯಿ ಮುಚ್ಕೊಂಡು ಇರ್ತಾಳಾ?"

"ಬಂದು ನೋಡಿ ಬೇಕಾದ್ರೆ."

ನೋಡಲು ಹೋದೆ. ಸಂಜೆಯ ಬಸ್ಸು ತಪ್ಪಿದರೂ ಸರಿ ಎಂದು ಆ ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ಅಜ್ಜಿ ಮೊಣಕಾಲ ನಡುವೆ ಚೊಂಬು ಸಿಕ್ಕಿಸಿಕೊಂಡು ಕೂತು, ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು, ಹಾಲಿನ ಸದ್ದಿನ ಮೇಲೆಯೇ ಹೇಳಿದರು: "ಹಗಲೆಲ್ಲ ಒರಗಿರ್ತದೆ, ಕತ್ಲಾದ್ರೆ ಬಾಗ್ಲು ಕಾಯ್ತದೆ, ಬೊಗಳಾಕೆ ಬಾಯಿಲ್ಲ. ಏನೇಳು?" ಹುಡುಗಿ ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಚೊಂಬಿನ ಸದ್ದು ಟಿಣ್ ಟಿಣ್ ಎನ್ನುತ್ತಿದ್ದದ್ದು ಸೊರ್ ಸೊರ್ ಎನ್ನುವಷ್ಟು ತುಂಬುವ ಹೊತ್ತಿಗೆ "ಅಗುಳಿ!" ಎಂದು ಕುಣಿದಳು. ಬಾಗಿಲಿಗೆ ಅಡ್ಡ ಕೊಡುವ ಮರದ ಅಗುಳಿ ಅವಳ ಬೆನ್ನ ಹಿಂದೆಯೇ ಗೋಡೆಗೆ ಒರಗಿತ್ತು. ಅಜ್ಜಿ ಹೊಗಳಲಿಲ್ಲ. "ಊಂ, ಕರ ಬಿಡು," ಎಂದರು ಅಷ್ಟೇ. ಹುಡುಗಿಯ ಮುಖದಲ್ಲಿದ್ದ ಸಂತೋಷವನ್ನು ನಾನು ಆವರೆಗೆ ನನ್ನ ಕೋಣೆಯಲ್ಲಿ ಕಂಡಿರಲಿಲ್ಲ.

ತರಬೇತಿಗಳಲ್ಲಿ ಚುರುಕು ಮಕ್ಕಳ ಬಗ್ಗೆ ಎಷ್ಟೋ ಕೇಳಿದ್ದೆ, ಚಾರ್ಟು ಬರೆದಿದ್ದೆ. ಅದೆಲ್ಲದರ ತಿರುಳನ್ನು ಅಕ್ಷರ ಬಾರದ ಒಬ್ಬ ಅಜ್ಜಿ ಒಂದು ಚೊಂಬಿನಲ್ಲಿ ತುಂಬಿಟ್ಟಿದ್ದರು. ಮರುದಿನವೇ ನಾನು ಪುಟಾಣಿ ಮೇಡಂ ಕೆಲಸಕ್ಕೆ ರಾಜೀನಾಮೆ ಕೊಡಿಸಿದೆ. ಕಿಟಕಿಯ ಕೆಳಗೆ ಒಂದು ಹಳೆಯ ಬಿಸ್ಕೆಟ್ ಡಬ್ಬ ಇಟ್ಟು, ದಿನಕ್ಕೊಂದು ಕಷ್ಟದ ಲೆಕ್ಕ ಬರೆದು ಹಾಕತೊಡಗಿದೆ. ತನ್ನ ಕೆಲಸ ಮುಗಿಸಿ ಅವಳು ಅದನ್ನು ತೆಗೆಯಬಹುದು, ಊಟದ ಗಂಟೆಯೊಳಗೆ ಬಿಡಿಸಬೇಕು, ಆಗದಿದ್ದರೆ ನಾಳೆಗೆ. ಅದಕ್ಕೆ ನಾವಿಬ್ಬರೂ 'ಚೊಂಬಿನ ಲೆಕ್ಕ' ಎನ್ನುತ್ತಿದ್ದೆವು. ಸ್ಲೇಟಿನ ಏಟು ನಿಂತಿತು. ಮಕ್ಕಳು ಅವಳನ್ನು ಲಗೋರಿಗೆ ಸೇರಿಸಿಕೊಂಡರು. ಸಂಜೆ ವಾರಕ್ಕೆರಡು ದಿನವಾದರೂ ನಾನು ಆ ಕೊಟ್ಟಿಗೆಗೆ ಹೋಗುತ್ತಿದ್ದೆ, ನೊರೆಹಾಲಿನ ಕಾಫಿ ಕುಡಿಯುವ ನೆಪ. ಮೂವತ್ತೈದು ವರ್ಷದ ನೌಕರಿಯಲ್ಲಿ ನನಗೆ ಮತ್ತೆ ಬೇಕು ಎನಿಸುವುದು ಆ ಸಂಜೆಗಳು ಮಾತ್ರ. ಮಿಕ್ಕದ್ದನ್ನೆಲ್ಲ ಇಲಾಖೆಯೇ ಇಟ್ಟುಕೊಳ್ಳಲಿ.

ಅದನ್ನು ಕೆಡಿಸಿದವಳೂ ನಾನೇ.

ಅವಳು ನಾಲ್ಕನೆಯ ತರಗತಿಯಲ್ಲಿದ್ದಾಗ ಸ್ವಾತಂತ್ರ್ಯ ದಿನಾಚರಣೆಗೆ ಊರಿನವರೆಲ್ಲ ಸೇರಿದ್ದರು. ನಾನು ಅವಳನ್ನು ಮೈಕಿನ ಮುಂದೆ ನಿಲ್ಲಿಸಿ ಇಪ್ಪತ್ತೈದರವರೆಗಿನ ಮಗ್ಗಿಯನ್ನು ಹಿಂದುಮುಂದಾಗಿ ಹೇಳಿಸಿದೆ. ಚಪ್ಪಾಳೆಯೋ ಚಪ್ಪಾಳೆ. ನನಗೆ ನೆಲ ಕಾಣಲಿಲ್ಲ. "ಇಂಥ ಮಗು ಈ ಊರಲ್ಲಿ ಇನ್ನೊಂದು ಹುಟ್ಟಿಲ್ಲ" ಎಂದು ಮೈಕಿನಲ್ಲೇ ಹೇಳಿಬಿಟ್ಟೆ. ಹೆಂಗಸರ ನಡುವೆ ಕೂತಿದ್ದ ಅಜ್ಜಿಯ ಮುಖ ಸಪ್ಪಗಾದದ್ದು ಕಂಡಿತು. ಯಾಕೆಂದು ಹೊಳೆಯಲಿಲ್ಲ. ಮರುದಿನ ಹುಡುಗಿಗೆ ಜ್ವರ, ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಐದನೆಯ ದಿನ ಬಂದಳು. ಅಂದಿನಿಂದ ಆ ತಪ್ಪುಗಳು ಶುರುವಾದವು.

ಪುಟಕ್ಕೊಂದು. ನನಗೇ ಬೆವರು ಬರಿಸುವ ಭಿನ್ನರಾಶಿಯ ಲೆಕ್ಕ ಸರಿ, ಕೆಳಗೆ ಎರಡೂ ಮೂರೂ ಕೂಡಿಸಿದರೆ ಆರು! ಮೊದಲು ನಕ್ಕೆ, ಆಮೇಲೆ ಬೈದೆ. ಉಡಾಫೆ ಎಂದುಕೊಂಡು, ಒಂದು ಮಗ್ಗಿಯ ಸಾಲನ್ನು ನೂರು ಸಲ ಬರೆದು ತರಲು ಹೇಳಿದೆ. ತಂದಳು. ಎಣಿಸುತ್ತ ಹೋದೆ. ಅರವತ್ತಮೂರನೆಯದು ತಪ್ಪಾಗಿತ್ತು. ಸಿಟ್ಟು ನೆತ್ತಿಗೇರಿ ಆ ಹಾಳೆಗಳನ್ನು ಅವಳೆದುರೇ ಹರಿದು ಹಾಕಿದೆ. ಅವಳು ಚೂರುಗಳನ್ನು ಆರಿಸಿ ಕಸದ ಬುಟ್ಟಿಗೆ ಹಾಕಿ ಬಂದಳು. ಒಂದೂವರೆ ವರ್ಷ ಹೀಗೇ ನಡೆಯಿತು. ಚೊಂಬಿನ ಲೆಕ್ಕ ಬಾಯಲ್ಲಿ ಹೇಳಿದರೆ ಎಂದೂ ತಪ್ಪುತ್ತಿರಲಿಲ್ಲ, ಬರೆದರೆ ಒಂದು ತಪ್ಪು.

ಐದನೆಯ ತರಗತಿಯ ಡಿಸೆಂಬರಿನಲ್ಲಿ ಮಕ್ಕಳನ್ನು ಕೊರವಂಗಲದ ಹೊಯ್ಸಳ ಗುಡಿಗೆ ಕರೆದುಕೊಂಡು ಹೋಗಿದ್ದೆವು. ಉಳಿದವರೆಲ್ಲ ಕಲ್ಲಿನ ಆನೆಯ ಹತ್ತಿರ ಗಲಾಟೆ ಮಾಡುತ್ತಿದ್ದಾಗ ಇವಳು ಹೊರಗೋಡೆಯ ಒಂದು ಮೂಲೆಯಲ್ಲಿ ನಿಂತು, ಕೆತ್ತದೆ ಹಾಗೇ ಬಿಟ್ಟಿದ್ದ ಒಂದು ಬೋಳು ಕಲ್ಲನ್ನು ಸವರುತ್ತಿದ್ದಳು.

"ಮಿಸ್, ಇದ್ನ ಕೆತ್ತಿದೋರ್ಗೂ ಅವ್ರಜ್ಜಿ ಏಳಿಕೊಟ್ಟಿದ್ರಾ?"

"ಏನನ್ನ?"

"ಬೊಟ್ಟು ಇಕ್ಕದು. ನೋಡಿ, ಸುತ್ತಾ ಎಲ್ಲಾ ಕೆತ್ತಿ ಇದೊಂದ್ ಬಿಟ್ಟವ್ರೆ. ನಾನು ಲೆಕ್ಕದಲ್ಲಿ ಇಕ್ಕಲ್ವಾ, ಅಂಗೆ."

ನಾನು ಗುಡಿಯ ಜಗುಲಿಯ ಮೇಲೆ ಕೂತುಬಿಟ್ಟೆ. ಒಂದೊಂದೇ ಕೇಳಿ ತಿಳಿದುಕೊಂಡೆ. ಮೈಕಿನಲ್ಲಿ ಹೊಗಳಿದ್ದರಿಂದ ಊರಿನ ಕಣ್ಣೆಲ್ಲ ತಾಗಿ ಜ್ವರ ಬಂತೆಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದರು. ಇಷ್ಟು ದೊಡ್ಡ ಹುಡುಗಿಯ ಕೆನ್ನೆಗೆ ಕಪ್ಪು ಬೊಟ್ಟಿಟ್ಟು ಕಳಿಸಿದರೆ ಮಕ್ಕಳು ನಗುತ್ತಾರೆ. ಕಣ್ಣು ತಾಗುತ್ತಿರುವುದು ಕೆನ್ನೆಗಲ್ಲ, ಲೆಕ್ಕಕ್ಕೆ. ಆದ್ದರಿಂದ ಬೊಟ್ಟು ಲೆಕ್ಕಕ್ಕೇ ಇರಲಿ, ಪುಟಕ್ಕೊಂದು ತಪ್ಪು ಮಾಡು, ಯಾರಿಗೂ ಹೇಳಬೇಡ ಎಂದಿದ್ದರು. ನನ್ನ ಬೈಗುಳ, ಹರಿದ ಹಾಳೆ, ಎಲ್ಲವನ್ನೂ ಆ ಮಗು ಅಜ್ಜಿಯ ಮಾತಿಗಾಗಿ ನುಂಗಿಕೊಂಡಿತ್ತು.

ತಬ್ಬಿಕೊಳ್ಳಬೇಕಾಗಿತ್ತು. ನಾನು ಜಗಳಕ್ಕೆ ಹೋದೆ.

ಯಾಕೆಂದರೆ ಫೆಬ್ರುವರಿಯಲ್ಲಿ ವಸತಿ ಶಾಲೆಯ ಪ್ರವೇಶ ಪರೀಕ್ಷೆ ಇತ್ತು. ಆರನೆಯ ತರಗತಿಯಿಂದ ಊಟ, ವಸತಿ, ಒಳ್ಳೆಯ ಮೇಷ್ಟರು, ಲ್ಯಾಬು. ಏಣಿ ಮುಗಿದ ಮೇಲೆ ಎಲ್ಲಿಗೆ ಎಂಬ ಪ್ರಶ್ನೆಗೆ ಕೊನೆಗೂ ನನ್ನ ಹತ್ತಿರ ಉತ್ತರವಿತ್ತು. ಅದು ನನ್ನ ಆಸೆಯೂ ಹೌದು. ಅರಕಲಗೂಡಿನಲ್ಲಿ ನಾನು ಓದುವಾಗ ನನ್ನ ಚುರುಕನ್ನು ಯಾರೂ ಗಮನಿಸಲಿಲ್ಲ. ಗಮನಿಸಿದ ಒಬ್ಬ ಮೇಷ್ಟರು, ಮದುವೆಯಾಗುವವರೆಗೆ ಟೀಚರ್ ಟ್ರೈನಿಂಗ್ ಸಾಕು ಎಂದರು. ನನಗೆ ಸಿಗದ ಬಾಗಿಲು ಅವಳಿಗೆ ತೆರೆಯಲಿ, ತೆರೆದವಳು ನಾನಾಗಲಿ ಎಂಬ ಹಂಬಲ. ಅದರಲ್ಲಿ ಎಷ್ಟು ಪಾಲು ಮಗುವಿನದು, ಎಷ್ಟು ನನ್ನದು ಎಂದು ನಾನು ಆಗ ಲೆಕ್ಕ ಹಾಕಲಿಲ್ಲ.

ಕೊಟ್ಟಿಗೆಗೆ ಹೋಗಿ ಅಜ್ಜಿಯ ಮುಂದೆ ವಿಜ್ಞಾನದ ಪಾಠ ಶುರುಮಾಡಿದೆ. ಕಣ್ಣು ತಾಗುವುದೆಲ್ಲ ಸುಳ್ಳು, ಜ್ವರ ಬರುವುದು ಕ್ರಿಮಿಯಿಂದ, ಇತ್ಯಾದಿ. ಅಜ್ಜಿ ಹಸುವಿನ ಮೈ ಉಜ್ಜುತ್ತ ಎಲ್ಲವನ್ನೂ ಕೇಳಿಸಿಕೊಂಡರು.

"ನಿಮ್ಮ ಅಟ್ಟಿ ಮುಂದೆ ಬೂದುಗುಂಬಳ್ಕಾಯಿ ಯಾಕ್ ತೂಗಾಕಿದ್ರಿ ಟೀಚರಮ್ಮ? ಗೃಹಪ್ರವೇಶಕ್ಕೆ ಬಂದಾಗ ನೋಡಿವ್ನಿ. ಸಿಮೆಂಟಿನ್ ಮನೇಗೆ ಕಣ್ಣು ತಾಗ್ತದೆ, ಮಗೀಗೆ ತಾಗಲ್ವಾ?"

ನನ್ನ ವಿಜ್ಞಾನ ಅಲ್ಲಿಗೆ ಮುಗಿಯಿತು. ಆದರೂ ಬಿಡಲಿಲ್ಲ, ಒಂದೊಂದು ಮಾರ್ಕಿಗೂ ಸಾವಿರ ಮಕ್ಕಳ ಪೈಪೋಟಿ ಇದೆ ಎಂದೆ. ಅಜ್ಜಿ ಜಗ್ಗಲಿಲ್ಲ. "ಇಸ್ಕೂಲಲ್ಲಿ ಬೇಕಾದ್ರೆ ನೀವೇಳ್ದಂಗೆ ಆಗ್ಲಿ. ಅಷ್ಟ್ ದೊಡ್ ಪರೀಕ್ಷೆಗೆ ಬೊಟ್ಟಿಲ್ದೆ ಕಳ್ಸಾಕಿಲ್ಲ ಕಣವ್ವ." ಮಾತಾಡುತ್ತ ಅವರು ಹಣೆ ಒತ್ತಿಕೊಂಡು ಗೋಡೆ ಹಿಡಿದರು. ಗೋಡೆಯ ಗೂಡಿನಲ್ಲಿ ಹರಳೆಣ್ಣೆಯ ಕುಡಿಕೆಯ ಪಕ್ಕ ಒಂದು ಪ್ಲಾಸ್ಟಿಕ್ ಕವರು, ಅದರ ತುಂಬ ಮಾತ್ರೆಯ ಪಟ್ಟಿಗಳು ಕಂಡವು. ಇದೇನಜ್ಜಿ, ನುಂಗುತ್ತಿದ್ದೀರಾ ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ನಾನು ಹೋಗಿದ್ದು ಒಂದು ಮಾರ್ಕಿನ ವಿಷಯಕ್ಕೆ. ಕೇಳಲಿಲ್ಲ.

ಪರೀಕ್ಷೆಗೆ ಒಂದು ವಾರವಿದ್ದಾಗ, ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡೆ. ಬುದ್ಧಿ ಹೇಳಿದೆ, ಬೇಡಿಕೊಂಡೆ. ಅವಳು ತಲೆ ತಗ್ಗಿಸಿ ನಿಂತೇ ಇದ್ದಳು. ಆಗ ನಮ್ಮ ಕಡೆಯವರಿಗೆ ಕೊನೆಗೆ ಹೊಳೆಯುವ ಅಸ್ತ್ರವೇ ನನಗೂ ಹೊಳೆಯಿತು. ಅಂಗೈ ಚಾಚಿದೆ.

"ಕೈ ಮೇಲೆ ಕೈಯಿಡು. ಪರೀಕ್ಷೇಲಿ ಒಂದೂ ತಪ್ಪು ಬರಿಯಲ್ಲ, ಅಜ್ಜಿ ಆಣೆಗೂ ಬರಿಯಲ್ಲ ಅನ್ನು."

ಅವಳು ನನ್ನ ಮುಖವನ್ನೇ ನೋಡಿದಳು. ಕಣ್ಣು ತಾಗುವುದು ಮೂಢನಂಬಿಕೆ ಎಂದು ಹೇಳಿದ ಅದೇ ಬಾಯಲ್ಲಿ ಆಣೆ ಕೇಳುತ್ತಿದ್ದೇನೆಂದು ನನಗೆ ಹೊಳೆಯಲಿಲ್ಲ, ಅವಳಿಗೆ ಹೊಳೆದಿರಬೇಕು. "ಅಜ್ಜಿ ಆಣೆಗೂ," ಎಂದು ಪಿಸುಗುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು.

ಪರೀಕ್ಷೆ ಹೊಳೆನರಸೀಪುರದಲ್ಲಿ. ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹೊರಗೆ ಬಂದಾಗ "ಎಲ್ಲಾ ಸರಿ ಬರ್ದಾ?" ಎಂದೆ. "ಊಂ ಮಿಸ್" ಎಂದು ಬಸ್ಸಿನ ಕಿಟಕಿಯಾಚೆ ನೋಡಿದಳು. ಕೊಡಿಸಿದ ಚುರುಮುರಿಯನ್ನು ಹಾಸನದವರೆಗೂ ಹಾಗೇ ಹಿಡಿದುಕೊಂಡಿದ್ದಳು. ದಣಿವು ಎಂದುಕೊಂಡೆ.

ಮೂರು ವಾರ ಕಳೆದ ಮೇಲೆ ಒಂದು ಸಂಜೆ ಅಜ್ಜಿ ಹಾಲು ಕರೆಯುತ್ತಿದ್ದವರು ಹಾಗೇ ಪಕ್ಕಕ್ಕೆ ವಾಲಿಬಿಟ್ಟರು. ಲಕ್ವ ಹೊಡೆದಿತ್ತು. ಹಾಸನದ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದು ಹೋಗಿಬಿಟ್ಟರು. ಹುಡುಗಿ ಅಳಲಿಲ್ಲವೆಂದು ಊರೆಲ್ಲ ಆಡಿಕೊಂಡಿತು. ಹನ್ನೊಂದನೆಯ ದಿನ ನಾನು ಹೋದಾಗ ಅವಳು ಕೊಟ್ಟಿಗೆಯಲ್ಲಿ, ಚೊಂಬು ಬೋರಲು ಹಾಕಿ ಅದರ ಪಕ್ಕ ಕೂತಿದ್ದಳು. ನಾನೂ ಕೂತೆ.

"ಪರೀಕ್ಷೇಲಿ ಒಂದ್ ಬೊಟ್ಟು ಇಟ್ಟೆ ಮಿಸ್," ಎಂದಳು. "ಅರವತ್ತೊಂದ್ನೇದು. ಗೊತ್ತಿತ್ತು. ಬೇಕೂಂತ ತಪ್ಪು ಬರ್ದೆ. ಅಜ್ಜಿ ಬೇಜಾರ್ ಮಾಡ್ಕತದೆ ಅಂತ. ಆಣೆ ಮುರುದ್ನಲ್ಲ, ಅದ್ಕೇ ಅಜ್ಜಿ ಸತ್ತೋಯ್ತು."

"ಇಲ್ಲ ಮಗ, ಆಣೆ ಗೀಣೆ ಎಲ್ಲ ಸುಳ್ಳು ಕಣೇ," ಎಂದು ಹತ್ತಿರಕ್ಕೆ ಎಳೆದುಕೊಳ್ಳಲು ಹೋದೆ.

"ಸುಳ್ಳಾದ್ರೆ ಯಾಕ್ ಇಕ್ಕುಸ್ದ್ರಿ?"

ಅವಳು ಎದ್ದು ಕರುವಿನ ಹತ್ತಿರ ಹೋದಳು. ಆಮೇಲೆ ಶಾಲೆಯಲ್ಲಿ ಉಳಿದ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ. ಬಿಸ್ಕೆಟ್ ಡಬ್ಬದಲ್ಲಿ ನಾನು ಹಾಕಿದ ಲೆಕ್ಕಗಳು ಹಾಗೇ ಉಳಿದವು.

ವಸತಿ ಶಾಲೆಯ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂತು. ಆ ಒಂದು ತಪ್ಪಿನಿಂದ ಯಾರಿಗೂ ಏನೂ ಆಗಿರಲಿಲ್ಲ. ಅಷ್ಟು ದೊಡ್ಡ ಪರೀಕ್ಷೆ ಅಜ್ಜಿಯ ಬೊಟ್ಟನ್ನು ಗಮನಿಸಿಯೂ ಇರಲಿಲ್ಲ. ಅರಕಲಗೂಡಿನ ಕಡೆಯ ವಸತಿ ಶಾಲೆಗೆ ಸೇರಿದಳು. ನಾನು ಚನ್ನರಾಯಪಟ್ಟಣಕ್ಕೆ ವರ್ಗ ಕೇಳಿ ಪಡೆದೆ. ಆ ಹಳ್ಳಿಯ ದಾರಿ ನಡೆಯಲು ಕಾಲೇ ಬರುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಮ್ಮ ಸಿಕ್ಕಳು. ಕತ್ತಿನಲ್ಲಿ ಗಾರ್ಮೆಂಟ್ಸಿನ ಐಡಿ ಕಾರ್ಡು, ಕೈಯಲ್ಲಿ ಖಾಲಿ ಡಬ್ಬಿಯ ಚೀಲ.

"ಕ್ಲಾಸಿಗೇ ಫಸ್ಟು ಮೇಡಂ. ಆದ್ರೆ ಒಂದ್ ತಪ್ಪಾದ್ರೆ ಅವತ್ತು ಉಣ್ಣಲ್ವಂತೆ. ಆಳೆ ಅರ್ದು ಅರ್ದು ಬಿಸಾಕ್ತಾಳಂತೆ. ವಾರ್ಡನ್ನು ಫೋನ್ ಮಾಡಿದ್ರು. ನೀವಾದ್ರೂ ಒಸಿ ಬುದ್ಧಿ ಏಳಿ, ನಿಮ್ ಮಾತು ಕೇಳ್ತಿದ್ಲು."

ಕೇಳಿದ್ದರಿಂದಲೇ ಹೀಗಾಗಿತ್ತು. ಮುಂದಿನ ಭಾನುವಾರ ಇಬ್ಬರೂ ಅರಕಲಗೂಡಿನ ಬಸ್ಸು ಹತ್ತಿದೆವು. ದಾರಿಯಲ್ಲಿ ನಾನು ಅವಳ ಅಮ್ಮನಿಗೆ ಆಣೆಯ ವಿಷಯವನ್ನೆಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಆಕೆ "ನಾನೂ ಒಂದ್ ಏಳ್ಬೇಕು ಮೇಡಂ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಹೇಳಿದ್ದನ್ನು ಕೇಳಿ, "ಇದನ್ನ ಅವಳಿಗೇ ಹೇಳು," ಎಂದೆ.

ಹೊಂಗೆ ಮರದ ಕೆಳಗಿನ ಕಟ್ಟೆಗೆ ಹುಡುಗಿ ಬಂದಳು. ಎತ್ತರವಾಗಿದ್ದಳು, ಎರಡು ಜಡೆ, ಬಿಗಿದು ಕಟ್ಟಿದ ರಿಬ್ಬನ್ನು. ಉಗುರುಗಳೆಲ್ಲ ಕಚ್ಚಿ ಕಚ್ಚಿ ಕೆಂಪಾಗಿದ್ದವು. ನಮಸ್ತೆ ಮಿಸ್ ಎಂದಳು, ಪರಿಚಯವಿಲ್ಲದವರಿಗೆ ಹೇಳುವ ಹಾಗೆ. ಲೆಕ್ಕದ ನೋಟ್‌ಬುಕ್ ತರಿಸಿ ನೋಡಿದೆ. ಇನ್ನೂರು ಪುಟದ ಪುಸ್ತಕದಲ್ಲಿ ಎಪ್ಪತ್ತು ಪುಟ ಉಳಿದಿರಬಹುದು. ಉಳಿದ ಪುಟಗಳಲ್ಲಿ ಒಂದು ತಪ್ಪಿರಲಿ, ಒಂದು ಚಿತ್ತೂ ಇರಲಿಲ್ಲ. ಜೀವಮಾನವಿಡೀ ಯಾವ ಪುಟಕ್ಕಾಗಿ ಮಕ್ಕಳ ಮೇಲೆ ಕೂಗಾಡಿದ್ದೆನೋ ಆ ಪುಟ ನನ್ನ ಕೈಯಲ್ಲಿತ್ತು, ನೋಡಲಾಗಲಿಲ್ಲ. ಮುಚ್ಚಿಟ್ಟೆ.

"ಅವತ್ತಿನ ಆಣೆ ನಾನು ನನ್ನ ಆಸೆಗೆ ಇಕ್ಕಿಸಿದ್ದು ಕಣೇ. ತಪ್ಪು ನಂದು. ನಿನ್ನ ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ," ಎಂದೆ. ಅವಳು ನೆಲ ನೋಡುತ್ತ ನಿಂತಿದ್ದಳು. ಕ್ಷಮೆ ಕೇಳಿದರೆ ಕರಗುವ ಮಗುವಲ್ಲ ಅದು. ಅವಳಿಗೆ ಬೇಕಾದದ್ದು ಲೆಕ್ಕ. ನಾನು ಅವಳ ಅಮ್ಮನ ಕಡೆ ನೋಡಿದೆ.

"ನಿಮ್ಮಜ್ಜಿಗೆ ಬಿ.ಪಿ. ಇತ್ತು ಮಗ," ಎಂದಳು ಆಕೆ. "ದಿನಾ ಒಂದ್ ಮಾತ್ರೆ ನುಂಗ್ಬೇಕು ಅಂತ ಡಾಕ್ಟ್ರು ತಿಂಗ್ಳು ತಿಂಗ್ಳು ಮೂರ್ ಪಟ್ಟಿ ಕೊಡ್ತಿದ್ರು. ನಾನು ಬೆಳಿಗ್ಗೆ ಕೆಲ್ಸಕ್ಕೆ ಓದ್ರೆ ರಾತ್ರಿ ಬರೋಳು, ನೋಡ್ನೇ ಇಲ್ಲ. ತಿಥಿ ಆದ್ಮೇಲೆ ಕೊಟ್ಟಿಗೆ ಗೂಡು ತೆಗುದ್ರೆ ಎಲ್ಲಾ ಅಲ್ಲೇ ಇದ್ದೋ."

ಹುಡುಗಿ ಮೊದಲ ಸಲ ತಲೆ ಎತ್ತಿದಳು.

"ಎಷ್ಟಿದ್ದೋ?"

"ಆರು ಪಟ್ಟಿ. ತುಂಬಿದ್ದೋ."

"ಪಟ್ಟೀಲಿ ಎಷ್ಟು?"

"ಹತ್ತು."

ಅವಳ ತುಟಿ ಸಣ್ಣಗೆ ಆಡತೊಡಗಿತು. ಕೊಟ್ಟಿಗೆಯಲ್ಲಿ ಕರುವಿನ ಹಗ್ಗ ಹಿಡಿದು ನಿಂತಾಗ ಹೀಗೇ ಆಡುತ್ತಿತ್ತು. "ಅರವತ್ತು ದಿನ ನುಂಗಿಲ್ಲ. ಪರೀಕ್ಷೆ ಆಗಿ ಇಪ್ಪತ್ತೆರಡ್ನೇ ದಿನಕ್ಕೆ ಬಿದ್ದಿದ್ದು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. "ಪರೀಕ್ಷೆಗಿಂತ ಮೂವತ್ತೆಂಟು ದಿನ ಮುಂಚೆ. ಆಣೆ ಇಕ್ಕಿದ್ದು ಒಂದು ವಾರ ಮುಂಚೆ." ಮತ್ತೆ ಕೂಡಿ ಕಳೆದಳು. ಲೆಕ್ಕ ಅದೇ ಬಂತು. ಕಟ್ಟೆಯ ಮೇಲೆ ಅಮ್ಮನ ಪಕ್ಕ ಕೂತು, ಆ ಸೀರೆಯಲ್ಲಿ ಮುಖವಿಟ್ಟು, ಎರಡು ವರ್ಷ ಹಿಂದೆ ಅಳಬೇಕಾದದ್ದನ್ನು ಅತ್ತಳು.

ನಾನು ದೂರ ಹೋಗಿ ನಿಂತೆ. ಆ ಗೂಡಿನ ಕವರನ್ನು ಕಂಡೂ ಕೇಳದೆ ಬಂದಿದ್ದವಳು ನಾನು. ಆ ಅಳುವಿನಲ್ಲಿ ಪಾಲು ಕೇಳುವ ಯೋಗ್ಯತೆ ನನಗಿರಲಿಲ್ಲ.

ಆಮೇಲೆ ನಾನು ಅವಳನ್ನು ಕಂಡಿಲ್ಲ. ಈಗ ಮೈಸೂರಿನಲ್ಲಿ ಗಣಿತ ಓದುತ್ತಿದ್ದಾಳೆಂದು ಗೊತ್ತು, ಹಾಸ್ಟೆಲಿನ ಊಟ ಚೆನ್ನಾಗಿ ಉಣ್ಣುತ್ತಾಳೆಂದು ಅವಳ ಅಮ್ಮ ಹೇಳಿದ್ದಾಳೆ. ಫೋನ್ ನಂಬರೂ ಇದೆ. ಎಷ್ಟೋ ಸಂಜೆ, ಶಾಲೆ ಬಿಟ್ಟು ಬಸ್ಸಿಗೆ ಕಾಯುವಾಗ ಆ ನಂಬರನ್ನು ತೆಗೆದು ನೋಡಿ ಒಳಗಿಡುತ್ತೇನೆ. ಅವಳಾಗಿಯೇ ಮಾಡಲಿ ಎಂಬ ಹಟ ನನಗೆ, ಮಾಡುವ ಕಾರಣ ಅವಳಿಗೇನಿದೆ ಎಂಬ ಅಳುಕೂ ನನಗೇ. ಶಾಂತಿಗ್ರಾಮದ ಸ್ಟಾಪಿನಲ್ಲಿ ಬಸ್ಸು ನಿಂತಾಗ ಹಾಲಿನ ಕ್ಯಾನಿನ ಸದ್ದು ಕೇಳಿದರೆ ಇಳಿದುಬಿಡೋಣ ಎನಿಸುತ್ತದೆ. ಆ ಕೊಟ್ಟಿಗೆಯಲ್ಲಿ ಈಗ ಹಸು ಇಲ್ಲ, ಆಟೋ ನಿಲ್ಲುತ್ತದೆ.

ಆದರೆ ಆ ಭಾನುವಾರ ನನ್ನದಾಗಿ ಉಳಿದಿದೆ. ಹೊರಡುವ ಹೊತ್ತಿಗೆ ಅವಳು ಗೇಟಿನವರೆಗೆ ಬಂದಳು, ಕಣ್ಣು ಊದಿತ್ತು. ಅಮ್ಮ ತಂದಿದ್ದ ಕಜ್ಜಾಯ ತಿನ್ನುತ್ತಿದ್ದಳು. ಬುದ್ಧಿಮಾತೆಲ್ಲ ಖಾಲಿಯಾಗಿತ್ತು. ಬಸ್ಸಿನ ಹಾರ್ನ್ ಕೇಳಿಸಿದಾಗ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

"ಹಗಲೆಲ್ಲ ಒರಗಿರ್ತದೆ, ಕತ್ಲಾದ್ರೆ ಬಾಗ್ಲು ಕಾಯ್ತದೆ, ಬೊಗಳಾಕೆ ಬಾಯಿಲ್ಲ. ಏನೇಳು?"

ಅವಳು ಕಜ್ಜಾಯ ಅಗಿಯುವುದನ್ನು ನಿಲ್ಲಿಸಿದಳು. ಎರಡನೆಯ ತರಗತಿಯಲ್ಲಿ ಚೊಂಬು ತುಂಬುವುದರೊಳಗೆ ಬಿಡಿಸಿದ್ದ ಒಗಟು ಅದು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ನಾಯಿ," ಎಂದಳು.

"ತಪ್ಪು," ಎಂದೆ.

"ಗೊತ್ತು ಮಿಸ್."